ಸಿಗಡಿ ಹಾಕದ ಬಸಳೆ

ಮಳೆಗಾಲದ ಎರಡು ತಿಂಗಳ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ವಾರ ಅದು. ಶಕ್ತಿನಗರದ ಏರು ರಸ್ತೆಯಲ್ಲಿ ಮೀನು ಮಾರುವ ಮೊಯ್ದೀನಬ್ಬನ ಸ್ಕೂಟರಿನ ಹಾರ್ನು ಕೇಳಿಸಿದ್ದೇ ತಡ, ಯೂಸ್ಟೇಸ್ ಲುಂಗಿ ಎತ್ತಿ ಕಟ್ಟಿಕೊಂಡು ಗೇಟಿಗೆ ಹೋದರು. ಹತ್ತು ಬಂಗುಡೆ ತಂದು ಅಡುಗೆಮನೆಯ ಸಿಂಕಿನಲ್ಲಿ ಸುರಿದು, "ಲಿಲ್ಲಿ, ಇದರ ಕಣ್ಣು ನೋಡು. ಇವತ್ತು ಬೆಳಗ್ಗಿನದ್ದು," ಎಂದರು. ಮೇ ತಿಂಗಳ ಕೊನೆಯಿಂದ ಆ ಮನೆಯಲ್ಲಿ ಯಾರೂ ಏನನ್ನೂ ಆಸೆಪಟ್ಟು ತಂದದ್ದಿರಲಿಲ್ಲ. ಗಂಡನಿಗೆ ಇಷ್ಟಾದರೂ ಬೇಕೆನಿಸಿತಲ್ಲ ಎಂದುಕೊಂಡು ಲಿಲ್ಲಿ ಮೀನು ಕೊಯ್ದಳು, ಹುಳಿ ಮೆಣಸು ಕಡೆದು ಗಸಿ ಮಾಡಿದಳು. ಮಧ್ಯಾಹ್ನ ಮೂವರೂ ಊಟಕ್ಕೆ ಕೂತಾಗ ಸೊಸೆಯ ಬಟ್ಟಲಿಗೂ ಒಂದು ಮೀನು ಹಾಕಿದಳು.

ರೇಚಲ್ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಸಿ ತಾಗಿದ ಅನ್ನವನ್ನೆಲ್ಲ ಒಂದು ಬದಿಗೆ ಸರಿಸಿ, ಉಳಿದ ಬಿಳಿ ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡು ಉಂಡು, ಕೈ ತೊಳೆದು ಎದ್ದು ಹೋದಳು.

"ಹಸಿವಿಲ್ಲದಿರಬಹುದು," ಎಂದರು ಯೂಸ್ಟೇಸ್, ಮೀನಿನ ಮುಳ್ಳು ಬಿಡಿಸುತ್ತ.

ಅವರ ಒಬ್ಬನೇ ಮಗ ರೂಬನ್ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದ. ಮೇ ತಿಂಗಳ ಕೊನೆಯ ವಾರ ಹಡಗು ಕೊಚ್ಚಿಯಿಂದ ಗಲ್ಫಿನ ಕಡೆ ಹೊರಟಿತ್ತು. ಎರಡನೆಯ ದಿನ ಬೆಳಗಿನ ಪಾಳಿಗೆ ಅವನು ಎಂಜಿನ್ ಕೋಣೆಗೆ ಬರಲಿಲ್ಲ. ಕ್ಯಾಬಿನ್ನಿನಲ್ಲಿ ನೋಡಿದರು, ಇರಲಿಲ್ಲ. ಹಡಗಿಡೀ ಹುಡುಕಿದರು, ಇರಲಿಲ್ಲ. ಹಿಂಬದಿಯ ಡೆಕ್ಕಿನಲ್ಲಿ ಅವನದೊಂದು ಚಪ್ಪಲಿ ಸಿಕ್ಕಿತು. ಹಡಗು ಬಂದ ದಾರಿಯಲ್ಲೇ ತಿರುಗಿ ಹೋಗಿ ಹುಡುಕಿತು, ಮತ್ತೆ ಬೇರೆಯವರು ಬಂದು ಮೂರು ದಿನ ಹುಡುಕಿದರು. ಜಾರಿ ಬಿದ್ದನೋ, ಗಾಳಿ ತಳ್ಳಿತೋ, ಅವನೇ ಹೋದನೋ ಯಾರೂ ಕಂಡವರಿಲ್ಲ. ಕಂಪೆನಿಯ ಕಾಗದದಲ್ಲಿ "ನಾಪತ್ತೆ" ಎಂಬ ಒಂದು ಶಬ್ದ ಇತ್ತು. ಏಳು ವರ್ಷ ಆಗುವ ತನಕ ಅದು ಹಾಗೇ ಇರುತ್ತದೆ, ಮರಣದ ಕಾಗದ ಸಿಗುವುದಿಲ್ಲ ಎಂದು ವಕೀಲರು ಹೇಳಿದರು. ಆಗ ಅವನಿಗೂ ರೇಚಲ್‌ಗೂ ಮದುವೆಯಾಗಿ ಹದಿನಾಲ್ಕು ತಿಂಗಳು. ಅದರಲ್ಲಿ ಒಟ್ಟಿಗೆ ಇದ್ದದ್ದು ಐದು.

ರೇಚಲ್ ತವರಿಗೆ ಹೋಗಲಿಲ್ಲ. ಅವಳ ತವರು ಉಳ್ಳಾಲ, ನೇತ್ರಾವತಿ ದಾಟಿದರೆ ಬಂತು. ಅಪ್ಪ ಅಮ್ಮ ಬಂದು ಕರೆದರು. "ಇಲ್ಲಿಯೇ ಇರ್ತೇನೆ. ಡ್ಯೂಟಿಗೆ ಹತ್ತಿರ ಆಗ್ತದೆ," ಎಂದಳು. ಅವಳು ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಬೆಳಗ್ಗೆ ಬಿಳಿ ಬಟ್ಟೆ ಹಾಕಿಕೊಂಡು ಬಸ್ಸಿಗೆ ಹೋಗುವಳು, ಸಂಜೆ ಬಂದು ಬಟ್ಟೆ ಒಗೆದು ಹಾಕಿ, ಹೇಳಿದ ಕೆಲಸ ಮಾಡುವಳು. ಅಳುವುದನ್ನು ಲಿಲ್ಲಿ ನೋಡಿದ್ದು ಮೊದಲ ವಾರ ಮಾತ್ರ.

ಮೀನಿನ ನಂತರ ಕೋಳಿ ಹೋಯಿತು. ಅಕ್ಟೋಬರಿನಲ್ಲಿ ನೆರೆಮನೆಯ ಮದುವೆಗೆ ಹಂದಿಮಾಂಸ ಬಂದಾಗ ರೇಚಲ್ ಆ ಪಾತ್ರೆ ಇದ್ದ ಕಡೆಗೇ ಸುಳಿಯಲಿಲ್ಲ. ಆಮೇಲೆ ಮೊಟ್ಟೆ. ಒಂದು ದಿನ ಬೆಳಗ್ಗೆ ಚಹಾದ ಲೋಟ ಹಾಗೇ ಉಳಿದದ್ದು ನೋಡಿ ಲಿಲ್ಲಿ ಸೊಸೆಯನ್ನು ಕೇಳಿದಳು, "ಎಂತ ಬಾಯ್, ಸಕ್ಕರೆ ಕಡಿಮೆಯಾಯ್ತಾ?"

"ಇಲ್ಲ ಮಾಂಯ್," ಎಂದಳು ರೇಚಲ್ ಅತ್ತೆಗೆ, "ನನಗೆ ಇನ್ನು ಹಾಲು ಹಾಕುವುದು ಬೇಡ."

ಹರಕೆ ಇರಬೇಕು ಎಂದುಕೊಂಡಳು ಲಿಲ್ಲಿ. ಕಳೆದುಹೋದದ್ದನ್ನು ಹುಡುಕಿ ಕೊಡುವ ಸಂತ ಅಂತೋನಿಗೆ ಹೇಳಿಕೊಂಡಿರಬೇಕು. ಗಂಡ ಬರುವ ತನಕ ಇಂಥದ್ದನ್ನು ಮುಟ್ಟುವುದಿಲ್ಲ ಎಂದು. ಹರಕೆಯನ್ನು ಬಾಯಿ ಬಿಟ್ಟು ಕೇಳಬಾರದು, ಅದಕ್ಕೆ ಕೇಳಲಿಲ್ಲ. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯ ಮಕ್ಕಳಿಗೆ ಪಾಠ ಹೇಳಿದ ಲಿಲ್ಲಿಗೆ ಈ ಹುಡುಗಿಯ ಮೇಲೆ ಒಳಗೊಳಗೇ ಹೆಮ್ಮೆಯೂ ಆಯಿತು. ತಾನು ಹೆತ್ತವಳು, ತಾನು ದಿನಾ ಉಣ್ಣುತ್ತಿದ್ದೇನೆ. ನಿನ್ನೆ ಮೊನ್ನೆ ಬಂದವಳು ಬಿಟ್ಟು ಕೂತಿದ್ದಾಳೆ.

ಹೆಮ್ಮೆ ನವೆಂಬರ್ ತನಕ ಇತ್ತು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ವಾರ್ಡಿನಲ್ಲಿ ರೋಗಿಗೆ ಮದ್ದು ಕೊಡುತ್ತಿರುವಾಗಲೇ ರೇಚಲ್ ಕುಸಿದು ಬಿದ್ದಿದ್ದಳು. ಲಿಲ್ಲಿ ಹೋಗುವಾಗ ಅದೇ ವಾರ್ಡಿನ ಮೂಲೆಯ ಮಂಚದಲ್ಲಿ ಅವಳನ್ನು ಮಲಗಿಸಿ ಗ್ಲೂಕೋಸ್ ಬಾಟ್ಲಿ ಹಾಕಿದ್ದರು. ರಕ್ತದ ಹಿಮೋಗ್ಲೋಬಿನ್ ಏಳು ಚಿಲ್ಲರೆಗೆ ಇಳಿದಿತ್ತು. ಡಾಕ್ಟರು ಲಿಲ್ಲಿಯನ್ನು ಹೊರಗೆ ಕರೆದು, "ಇಷ್ಟು ಪ್ರಾಯದವಳಿಗೆ ಇಷ್ಟು ರಕ್ತ ಸಾಕಾಗುವುದಿಲ್ಲ ಟೀಚರ್. ಪ್ರೊಟೀನೂ ತುಂಬಾ ಕಡಿಮೆ ಉಂಟು. ಮೀನು, ಮೊಟ್ಟೆ, ಲಿವರ್, ಎಲ್ಲ ಚೆನ್ನಾಗಿ ಕೊಡಿ. ನರ್ಸ್‌ಗೆ ನಾವು ಇದನ್ನು ಹೇಳಿಕೊಡಬೇಕಾ?" ಎಂದರು.

ಬೇರೆಯವರ ಮಂಚದ ಬಳಿ ನಿಂತು ದಿನಕ್ಕೆ ಹತ್ತು ಸಲ "ಮೊಟ್ಟೆ ತಿನ್ನಿ, ಸೊಪ್ಪು ತಿನ್ನಿ" ಎನ್ನುವವಳು ಕಣ್ಣು ಮುಚ್ಚಿ ಮಲಗಿದ್ದಳು. ದಿಂಬಿನ ಮೇಲೆ ಉದುರಿದ ಕೂದಲಿನ ಎಳೆಗಳಿದ್ದವು. ಲಿಲ್ಲಿ ಅವನ್ನು ಒಂದೊಂದಾಗಿ ಹೆಕ್ಕಿ ಬೆರಳಿಗೆ ಸುತ್ತಿಕೊಂಡು ಕಸದ ಬುಟ್ಟಿಗೆ ಹಾಕಿದಳು.

ಮನೆಗೆ ಕರೆತಂದ ಮೇಲೆ ಬೇಡಿಕೊಂಡಳು, ಗದರಿದಳು. ಹರಕೆಯೇ ಆದರೆ ಫಾದರ್ ಹತ್ತಿರ ಹೇಳಿ ಬಿಡಿಸಿಕೊಳ್ಳಬಹುದು, ಕಾಯಿಲೆಯವರಿಗೆ ದೇವರು ಕೂಡ ವಿನಾಯಿತಿ ಕೊಡುತ್ತಾನೆ ಎಂದಳು. "ಹರಕೆ ಅಲ್ಲ ಮಾಂಯ್," ಎಂದಳು ರೇಚಲ್.

ಆಗ ಲಿಲ್ಲಿ ಒಂದು ಕೆಲಸ ಮಾಡಿದಳು. ಒಣ ಸಿಗಡಿಯನ್ನು ಹೆಂಚಿನಲ್ಲಿ ಹುರಿದು, ತಲೆ ಬಾಲ ತೆಗೆದು, ಮಿಕ್ಸಿಯಲ್ಲಿ ನಯವಾಗಿ ಹುಡಿ ಮಾಡಿದಳು. ಬಸಳೆಯ ಗಸಿಗೆ ಎರಡು ಚಮಚ ಹಾಕಿ ಕುದಿಸಿದಳು. ಹೇಗೂ ಈ ಊರಿನಲ್ಲಿ ಬಸಳೆ ಎಂದರೆ ಸಿಗಡಿ ಹಾಕಿಯೇ ಮಾಡುವುದು; ಕಣ್ಣಿಗೆ ಕಾಣದಿದ್ದರೆ ಆಯಿತು. ಕೊತ್ತಂಬರಿ, ಬೆಳ್ಳುಳ್ಳಿ ಜಾಸ್ತಿ ಹಾಕಿದ್ದರಿಂದ ವಾಸನೆಯೂ ಅಡಗಿತ್ತು. ಹುಡುಗಿಯ ಹೊಟ್ಟೆಗೆ ಒಂದಿಷ್ಟು ಹೋಗಲಿ, ಪಾಪ ಇದ್ದರೆ ನನಗಿರಲಿ ಎಂದುಕೊಂಡು ಬಡಿಸಿದಳು.

ರೇಚಲ್ ಮೂರು ತುತ್ತು ಉಂಡಳು. ನಾಲ್ಕನೆಯದನ್ನು ಬಾಯಿಗೆ ಇಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. ಅತ್ತೆಯ ಮುಖ ನೋಡಿದಳು. ಲಿಲ್ಲಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಅವಳು ನೀರಿನ ಚೆಂಬಿನ ಕಡೆ ನೋಡಿದಳು. ಅಷ್ಟು ಸಾಕಾಯಿತು. ರೇಚಲ್ ಬಚ್ಚಲಿಗೆ ಓಡಿ, ತಿಂದದ್ದನ್ನೆಲ್ಲ ಕಾರಿ, ಆಮೇಲೂ ಬಾಯಿಗೆ ಬೆರಳು ಹಾಕಿ ಹಾಕಿ ಬರೇ ನೀರು ಬರುವ ತನಕ ಕಾರಿದಳು. ಯೂಸ್ಟೇಸ್ ಆ ಹೊತ್ತಿಗೆ ಪೇಟೆಗೆ ಹೋಗಿದ್ದರು. ಲಿಲ್ಲಿ ಹಿಂದೆ ನಿಂತು ಬೆನ್ನು ಉಜ್ಜಿದಳು. ಅವಳ ಬೆನ್ನಿನ ಎಲುಬುಗಳು ಒಂದೊಂದೂ ಕೈಗೆ ತಾಗುತ್ತಿದ್ದವು.

"ಎಂತಕ್ಕೆ ಬಾಯ್ ಇದೆಲ್ಲ? ನಿನ್ನನ್ನು ಕಳೆದುಕೊಂಡರೆ ನಾನು ಎಂತ ಮಾಡಲಿ?"

ರೇಚಲ್ ಬಚ್ಚಲಿನ ಹಸಿ ನೆಲದಲ್ಲೇ ಕೂತಳು. ಬಾಯಿ ಒರೆಸಿಕೊಂಡಳು.

"ಮಾಂಯ್, ರೂಬನ್ ಎಲ್ಲಿದ್ದಾನೆ?"

"ಅದು ದೇವರಿಗೇ ಗೊತ್ತು."

"ಸಮುದ್ರದಲ್ಲಿದ್ದಾನೆ," ಎಂದಳು ರೇಚಲ್. "ಇದೇ ಸಮುದ್ರದಲ್ಲಿ. ಮೀನು ಎಂತ ತಿಂತದೆ ಮಾಂಯ್?"

ಲಿಲ್ಲಿಯ ಕೈ ಸೊಸೆಯ ಬೆನ್ನಿನ ಮೇಲೆಯೇ ನಿಂತಿತು.

"ನಮ್ಮ ಉಳ್ಳಾಲದ ಮನೆಯ ಹಿಂದೆ ಮೀನಿನ ಹುಡಿ ಮಾಡುವ ಮಿಲ್ಲು ಉಂಟು," ರೇಚಲ್ ಹೇಳುತ್ತ ಹೋದಳು, ರೋಗಿಯ ಚೀಟಿ ಓದಿದ ಹಾಗೆ. "ಚಿಕ್ಕಂದಿನಿಂದ ನೋಡಿದ್ದೇನೆ. ಯಾರಿಗೂ ಬೇಡದ ಮೀನೆಲ್ಲ ಅಲ್ಲಿಗೆ ಬರ್ತದೆ. ಒಣಗಿಸಿ ಹುಡಿ ಮಾಡಿ ಚೀಲಕ್ಕೆ ತುಂಬಿಸ್ತಾರೆ. ಅದು ಕೋಳಿಗೆ ಹೋಗ್ತದೆ. ಹಂದಿಗೆ ಹೋಗ್ತದೆ. ದನದ ಹಿಂಡಿಗೆ ಕೂಡ ಹಾಕ್ತಾರೆ ಅಂತ ಹೇಳ್ತಾರೆ. ನನಗೆ ಹುಚ್ಚು ಹಿಡಿದಿಲ್ಲ ಮಾಂಯ್. ಅಷ್ಟು ದೊಡ್ಡ ಸಮುದ್ರ, ಅದು ಹಾಗೆ ಬರುವುದಿಲ್ಲ ಅಂತ ನನಗೆ ಗೊತ್ತುಂಟು. ಬಾಯಿಗೆ ಗೊತ್ತಾಗುವುದಿಲ್ಲ."

ಲಿಲ್ಲಿ ಅವಳನ್ನು ಎಬ್ಬಿಸಿ ಮುಖ ತೊಳೆಸಿ ಮಲಗಿಸಿದಳು. ಬಸಳೆಯ ಪಾತ್ರೆಯನ್ನು ಹಿತ್ತಿಲಿಗೆ ಕೊಂಡುಹೋಗಿ ತೆಂಗಿನ ಬುಡಕ್ಕೆ ಚೆಲ್ಲಿದಳು. ಫ್ರಿಜ್ಜಿನಲ್ಲಿ ಸಂಜೆಗೆಂದು ಇಟ್ಟ ಎರಡು ಅಂಜಲ್ ಮೀನಿನ ತುಂಡುಗಳಿದ್ದವು. ಬಾಗಿಲು ತೆರೆದು ಅವನ್ನು ನೋಡಿದವಳು ಹಾಗೇ ಮುಚ್ಚಿದಳು. ಮಗ ಇನ್ನಿಲ್ಲ ಎಂಬುದನ್ನು ಆ ತನಕ ಲಿಲ್ಲಿ ತನಗೆ ತಾನೇ ಹೇಳಿಕೊಂಡಿರಲಿಲ್ಲ. ಹೇಳಿಸಿಕೊಂಡದ್ದು ಹೀಗೆ. ಆ ದಿನದಿಂದ ಅವಳ ಬಾಯಿಗೂ ಮೀನು ಸೇರಲಿಲ್ಲ.

ಗಂಡನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಮಗ ಬದುಕಿದ್ದಾನೆ ಎಂದೇ ಯೂಸ್ಟೇಸ್ ನಂಬಿದ್ದರು. ಯಾವುದೋ ಹಡಗು ಅವನನ್ನು ಎತ್ತಿಕೊಂಡಿರಬೇಕು, ತಲೆಗೆ ಪೆಟ್ಟಾಗಿ ಹೆಸರು ಮರೆತಿರಬೇಕು, ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ಇರಬೇಕು ಎಂದು ನೆಂಟರಿಗೆಲ್ಲ ಹೇಳುತ್ತಿದ್ದರು. ಬಸ್ ಕಂಪೆನಿಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ದಿನಾ ಬೆಳಗ್ಗೆ ಕನ್ನಡಕ ಹಾಕಿ ಕೂತು ಮಸ್ಕತ್ತಿಗೆ, ಕರಾಚಿಗೆ, ಎಲ್ಲೆಲ್ಲಿಗೋ ಈಮೇಲ್ ಕಳಿಸುವರು. ಮಧ್ಯಾಹ್ನ ಮೀನು ಇಲ್ಲದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಮೊದಲೂ ಮೀನು ಪ್ರಿಯರೇ, ಆದರೆ ಈಗೀಗ ದಿನ ತಪ್ಪಿಸುತ್ತಿರಲಿಲ್ಲ. ಲಿಲ್ಲಿ ಮೂಗಿನಿಂದ ಉಸಿರು ತೆಗೆಯದೆ ಅವರಿಗೆ ಮೀನು ಕಾಯಿಸಿ ಹಾಕುವಳು. "ನಿನಗೆಂತ, ಬೇಡವಾ?" ಎಂದು ಕೇಳಿದರೆ, "ಗ್ಯಾಸ್ ಆಗ್ತದೆ ಮಾರಾಯ್ರೆ," ಎನ್ನುವಳು.

ಡಿಸೆಂಬರಿನಲ್ಲಿ ಲಿಲ್ಲಿ ಇನ್ನೊಂದು ಆಸ್ಪತ್ರೆಗೆ ಒಬ್ಬಳೇ ಹೋದಳು. ಪಥ್ಯದ ಸಲಹೆ ಕೊಡುವ ನಿರೀಕ್ಷಾ ಎಂಬ ಹುಡುಗಿ ಅಲ್ಲಿದ್ದಳು. ಲಿಲ್ಲಿ ರಿಪೋರ್ಟನ್ನು ಮೇಜಿನ ಮೇಲಿಟ್ಟು ಹೇಳಿದಳು, "ಮೀನು ಇಲ್ಲ, ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ಮೊಸರು ತುಪ್ಪ ಯಾವುದೂ ಇಲ್ಲ. ಯಾಕೆ ಅಂತ ಕೇಳಬೇಡಿ. ಹೀಗೆಯೇ ಅವಳಿಗೆ ರಕ್ತ ಬರಬೇಕು."

ನಿರೀಕ್ಷಾ ನಕ್ಕಳು. "ಹೆದರಬೇಡಿ ಆಂಟಿ. ಆಗುವುದಿಲ್ಲ ಅಂತ ಹೇಳುವವರೇ ಜಾಸ್ತಿ. ಮನಸ್ಸು ಮಾಡಿದರೆ ಆಗ್ತದೆ." ಒಂದು ಹಾಳೆ ತೆಗೆದು ಬರೆಯತೊಡಗಿದಳು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಮೂರು ಹೊತ್ತೂ ಒಂದಲ್ಲ ಒಂದು ಕಾಳು ಇರಲೇಬೇಕು. ಹುರುಳಿ, ಹೆಸರು, ಅಲಸಂಡೆ, ಕಡಲೆ, ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಅನ್ನದ ಒಟ್ಟಿಗೆ ಬೇಳೆ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಸುತ್ತದೆ. ಸೋಯಾ, ನೆಲಗಡಲೆ, ಎಳ್ಳು. ದಿನಕ್ಕೆ ಎರಡು ಸಲ ಸೊಪ್ಪು: ಹರಿವೆ, ಬಸಳೆ, ನುಗ್ಗೆ. ಸೊಪ್ಪಿನ ಮೇಲೆ ಲಿಂಬೆ ಹಿಂಡಬೇಕು, ಆಗಲೇ ಅದರ ಕಬ್ಬಿಣ ಮೈಗೆ ಹತ್ತುವುದು. ಊಟದ ಬೆನ್ನಿಗೇ ಚಹಾ ಕುಡಿಯಬಾರದು. "ಬಿ ಟ್ವೆಲ್ವ್ ಮಾತ್ರ ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ. ಅದಕ್ಕೆ ಇಂಜೆಕ್ಷನ್, ಆಮೇಲೆ ಮಾತ್ರೆ. ಅದನ್ನು ಬಿಡಲೇಬಾರದು," ಎಂದು ಕೆಳಗೆ ಎರಡು ಗೆರೆ ಎಳೆದಳು.

ಲಿಲ್ಲಿ ಆ ಹಾಳೆಯನ್ನು ಕೂಡುವ ಕಳೆಯುವ ಲೆಕ್ಕದ ಹಾಗೆ ಬಾಯಿಪಾಠ ಮಾಡಿದಳು.

ಅಂಗಡಿಯ ಸೊಪ್ಪು ಬಾಡಿರುತ್ತಿತ್ತು. ವಾಮಂಜೂರಿನಿಂದ ಗುಲಾಬಿ ಎಂಬ ಹೆಂಗಸು ಬುಟ್ಟಿ ಹೊತ್ತುಕೊಂಡು ಬಸ್ಸಿನಲ್ಲಿ ಬಂದು ಶಕ್ತಿನಗರದ ಮನೆಮನೆಗೆ ಸೊಪ್ಪು ಕೊಡುತ್ತಿದ್ದಳು. ಲಿಲ್ಲಿ ಅವಳನ್ನು ವಾರಕ್ಕೆ ಮೂರು ದಿನಕ್ಕೆ ಗೊತ್ತು ಮಾಡಿದಳು. ಗುಲಾಬಿ ಬಾರದ ದಿನ ತಾನೇ ಬಸ್ಸು ಹತ್ತಿ ವಾಮಂಜೂರಿಗೆ ಹೋಗುವಳು. ಸುತ್ತಲೂ ಕಾಲೇಜು, ಹಾಸ್ಟೆಲು, ಹೊಸ ಮನೆಗಳು ಎದ್ದು, ನಡುವೆ ಉಳಿದ ಒಂದು ತುಂಡು ಗದ್ದೆಯಲ್ಲಿ ಗುಲಾಬಿ ಹರಿವೆಯ ಸಾಲು ಹಾಕಿದ್ದಳು. "ಟೀಚರ್, ನಿಮ್ಮ ಸೊಸೆಗೆ ಮಗು ಉಂಟಾ? ಹೀಗೆ ಸೊಪ್ಪು ಕೊಂಡುಹೋಗುವುದು ನೋಡಿ ಕೇಳಿದೆ," ಎಂದಳು ಒಮ್ಮೆ. ಲಿಲ್ಲಿ ಕಟ್ಟಿನ ಬೇರಿಗೆ ಅಂಟಿದ ಮಣ್ಣು ಕೊಡವುತ್ತ, "ಇಲ್ಲ," ಎಂದಳಷ್ಟೆ. ಗುಲಾಬಿ ಎರಡು ಹಿಡಿ ನುಗ್ಗೆಸೊಪ್ಪು ಹೆಚ್ಚಿಗೆ ಹಾಕಿದಳು.

ಬೆಳಗ್ಗೆ ಮೊಳಕೆ ಹೆಸರು ಹಾಕಿದ ಕುಚ್ಚಲಕ್ಕಿ ಗಂಜಿ. ಡ್ಯೂಟಿಗೆ ಕಟ್ಟಿಕೊಡಲು ಅಲಸಂಡೆಯ ಪಲ್ಯ, ಬೇಯಿಸಿದ ನೆಲಗಡಲೆ. ರಜೆಯ ದಿನ ಮಧ್ಯಾಹ್ನಕ್ಕೆ ಹರಿವೆ ದಂಟು, ಕಡಲೆ ಹಾಕಿದ ಬಸಳೆ. ಚಹಾಕ್ಕೆ ತೆಂಗಿನ ಹಾಲು. ರಾತ್ರಿಗೆ ಹುರುಳಿ ಸಾರು, ನುಗ್ಗೆಸೊಪ್ಪು ಹಾಕಿದ ದೋಸೆ. ಅರುವತ್ತೆರಡರ ಪ್ರಾಯದಲ್ಲಿ ಲಿಲ್ಲಿ ಹೊಸದಾಗಿ ಅಡುಗೆ ಕಲಿತಳು. ಸಿಗಡಿ ಇಲ್ಲದೆ ಬಸಳೆಗೆ ರುಚಿ ಬರಿಸಲು ಏನೇನೋ ಮಾಡಿ ನೋಡಿ, ಕೊನೆಗೆ ಹುರಿದ ಎಳ್ಳಿನಲ್ಲಿ ಬಂದು ನಿಂತಳು. ರೇಚಲ್ ಇಟ್ಟದ್ದನ್ನೆಲ್ಲ ತಿನ್ನುತ್ತಿದ್ದಳು. ಚೆನ್ನಾಗಿದೆ ಎಂದಾಗಲಿ, ಬೇಡ ಎಂದಾಗಲಿ ಹೇಳುತ್ತಿರಲಿಲ್ಲ. ಬಟ್ಟಲು ಖಾಲಿ ಮಾಡಿ, ತೊಳೆದು, ಕವುಚಿ ಹಾಕಿ ಹೋಗುವಳು. ಮಾತ್ರೆ ನುಂಗಿದ ಹಾಗೆ.

ಜನವರಿಯಲ್ಲಿ ರಕ್ತ ಒಂಬತ್ತಾಯಿತು. ಮಾರ್ಚಿನಲ್ಲಿ ಹತ್ತೂವರೆ. ಕೂದಲು ಉದುರುವುದು ನಿಂತು, ಹಣೆಯ ಅಂಚಿನಲ್ಲಿ ಸಣ್ಣ ಹೊಸ ಕೂದಲು ಎದ್ದವು. ರಿಪೋರ್ಟ್ ಹಿಡಿದುಕೊಂಡು ಬಂದ ದಿನ ಲಿಲ್ಲಿಗೆ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದವಳೇ ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತು, "ಹತ್ತೂವರೆ ಬಾಯ್! ನೋಡು, ಹತ್ತೂವರೆ!" ಎಂದಳು.

ರೇಚಲ್ ರಿಪೋರ್ಟನ್ನು ತೆಗೆದುಕೊಂಡು ಮೇಲಿಂದ ಕೆಳಗೆ ಓದಿದಳು. "ಒಳ್ಳೆಯದಾಯ್ತು ಮಾಂಯ್," ಎಂದಳು. ಆಮೇಲೆ ತಲೆ ಎತ್ತಿ, "ನನ್ನ ಅಜ್ಜಿ ತೊಂಬತ್ತೊಂದು ವರ್ಷ ಬದುಕಿದ್ದರು, ಗೊತ್ತುಂಟಾ?" ಎಂದಳು.

ಸೊಸೆಯ ಇಪ್ಪತ್ತೊಂಬತ್ತರಿಂದ ತೊಂಬತ್ತೊಂದಕ್ಕೆ ಎಷ್ಟು ವರ್ಷ ಎಂದು ಲಿಲ್ಲಿಯ ತಲೆ ತನ್ನಷ್ಟಕ್ಕೇ ಲೆಕ್ಕ ಮಾಡಿಬಿಟ್ಟಿತು. ಅವಳು ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸಲು ಕೂತಳು.

ಮತ್ತೆ ಮೇ ಬಂತು. ರೂಬನ್ ಕಾಣೆಯಾದ ಆ ದಿನ ಹೇಗೆ ಕಳೆಯುವುದೆಂದು ಲಿಲ್ಲಿ ವಾರದಿಂದ ಹೆದರಿದ್ದಳು. ಯೂಸ್ಟೇಸ್ ಮಾತ್ರ ಗೆಲುವಾಗಿದ್ದರು. ಬೆಳಗ್ಗೆಯೇ ಬಂದರಿಗೆ ಹೋಗಿ, ರೂಬನ್‌ಗೆ ಇಷ್ಟವೆಂದು ದೊಡ್ಡ ಬಂಗುಡೆ ತಂದರು. ಲಿಲ್ಲಿಗೆ ಕೊಡದೆ ತಾವೇ ಕೊಯ್ದು, ಮಸಾಲೆ ಹಚ್ಚಿ, ಕಾವಲಿಯಲ್ಲಿ ಕಾಯಿಸಿದರು. ಊಟಕ್ಕೆ ಕೂತಾಗ ಮೂರು ಬಟ್ಟಲಿಗೂ ಒಂದೊಂದು ಹಾಕಿದರು.

"ಒಂದು ವರ್ಷ ಆಯ್ತು ಮಗಾ," ಎಂದರು ಸೊಸೆಗೆ. "ಸಾಕು ಈ ಉಪವಾಸ. ಅವನು ಬಂದು ನಿನ್ನನ್ನು ಹೀಗೆ ನೋಡಿದರೆ ನನಗೆ ಬೈತಾನೆ. ನನ್ನ ಹೆಂಡತಿಗೆ ಸೊಪ್ಪು ಹಾಕಿ ಸಾಕಿದ್ದೀರಾ, ಅವಳೆಂತ ಮೊಲವಾ ಅಂತ ಕೇಳ್ತಾನೆ. ಒಂದು ತುಂಡು ತಿನ್ನು. ನನಗೋಸ್ಕರ."

ರೇಚಲ್ ಬಟ್ಟಲು ನೋಡುತ್ತ ಕೂತಳು.

"ಬಿಡಿ ಅವಳನ್ನು," ಎಂದಳು ಲಿಲ್ಲಿ.

"ನೀನು ಸುಮ್ಮನಿರು. ನೀನೇ ಅವಳನ್ನು ಹಾಳು ಮಾಡಿದ್ದು. ನೀನೂ ಬಿಟ್ಟಿದ್ದಿ ಅಂತ ನನಗೆ ಗೊತ್ತಿಲ್ಲ ಅಂತ ಮಾಡಿದ್ದೀಯಾ? ಗ್ಯಾಸಂತೆ!" ಅವರು ಬಂಗುಡೆಯ ಬೆನ್ನಿನ ಕಡೆಯ ಒಂದು ತುಂಡು ಮುರಿದು, ಮುಳ್ಳು ತೆಗೆದು, ಚಿಕ್ಕ ಮಗುವಿಗೆ ಹಿಡಿದ ಹಾಗೆ ರೇಚಲ್‌ಳ ಬಾಯಿಯ ಹತ್ತಿರ ಹಿಡಿದರು. "ಆ ಅನ್ನು."

"ಅದು ಅವನನ್ನು ತಿಂದ ಮೀನು!" ಎಂದುಬಿಟ್ಟಳು ಲಿಲ್ಲಿ.

ಯೂಸ್ಟೇಸ್ ಕೈಯಲ್ಲಿದ್ದ ತುಂಡನ್ನು ತಮ್ಮ ಬಟ್ಟಲಿನಲ್ಲಿ ಮೆಲ್ಲಗೆ ಇಟ್ಟರು. ಹೆಂಡತಿ ಕೂಗಿದ್ದಕ್ಕೆ ಸಿಟ್ಟಾಗುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದಳು ಲಿಲ್ಲಿ. ಅವರು ಎದ್ದು ಹೋಗಲಿಲ್ಲ.

"ನನಗೂ ಅದು ತಲೆಗೆ ಬಂದಿತ್ತು," ಎಂದರು. "ಕಳೆದ ಆಗಸ್ಟಿನಲ್ಲಿ, ಮೊಯ್ದೀನಬ್ಬ ಮೊದಲ ದಿನ ಮೀನು ತಂದಾಗ. ಗೇಟಿನಲ್ಲಿ ನಿಂತು ಬುಟ್ಟಿ ನೋಡಿದ ಕೂಡಲೇ ಬಂತು. ಈಗ ನಾನು ಇದನ್ನು ತಗೊಳ್ಳದಿದ್ದರೆ ಅವನು ಅಲ್ಲಿ ಇದ್ದಾನೆ ಅಂತ ಒಪ್ಪಿದ ಹಾಗೆ. ತಿಂದರೆ ಇಲ್ಲ ಅಂತ. ಅದಕ್ಕೇ ತಗೊಂಡೆ. ದಿನಾ ತಿಂದೆ. ಒಂದು ದಿನ ಬಿಟ್ಟರೂ..." ಅವರು ಮಾತು ಮುಗಿಸಲಿಲ್ಲ. ಇಬ್ಬರನ್ನೂ ಒಮ್ಮೆ ನೋಡಿ, "ಹಾಗಾದರೆ ನೀವಿಬ್ಬರೂ ಅವನನ್ನು ಆವಾಗಲೇ ಕಳಿಸಿ ಆಗಿದೆ. ನಾನೊಬ್ಬ ಕಾಯ್ತಾ ಇದ್ದೆ," ಎಂದರು.

ಲಿಲ್ಲಿಗೆ ಆಡಿದ ಮಾತನ್ನು ನುಂಗಿಕೊಳ್ಳುವ ಹಾಗಿದ್ದರೆ ಎನಿಸಿತು. ಅಷ್ಟರಲ್ಲಿ ರೇಚಲ್ ತನ್ನ ಬಟ್ಟಲಿನ ಬಂಗುಡೆಗೆ ಕೈ ಹಾಕಿದಳು. ದೊಡ್ಡದೊಂದು ತುಂಡು ಮುರಿದು, ಮುಳ್ಳನ್ನೂ ನೋಡದೆ ಬಾಯಿಗೆ ಹಾಕಿ ಅಗಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನುಂಗಿದಳು. ಇನ್ನೊಂದು ತುಂಡು ಮುರಿದಳು.

"ನೋಡಿ ಮಾಂವ್," ಎಂದಳು ಮಾವನಿಗೆ, "ನಾನು ತಿಂತೇನೆ. ಎಂತ ಆಗುವುದಿಲ್ಲ. ಅವನು ಎಲ್ಲೋ ಇದ್ದಾನೆ. ನೀವು ಹೇಳಿದ ಹಾಗೆ ಆಸ್ಪತ್ರೆಯಲ್ಲಿರಬಹುದು. ನೀವೂ ತಿನ್ನಿ ಮಾಂವ್. ತಿನ್ನಿ."

ಯೂಸ್ಟೇಸ್ ಸೊಸೆಯ ಕೈ ಹಿಡಿದರು. "ಬೇಡ ಮಗಾ. ಸಾಕು."

"ಇಲ್ಲ, ನೀವು ತಿನ್ನಿ."

"ನನಗೆ ಆಗುವುದಿಲ್ಲ ಇನ್ನು," ಎಂದರು ಅವರು, ಬಹಳ ಮೆಲ್ಲಗೆ. ಆಮೇಲೆ ಮುಖಕ್ಕೆ ಎರಡೂ ಕೈ ಮುಚ್ಚಿಕೊಂಡು ಅತ್ತರು. ಮಸಾಲೆಯ ಕೈ ಕಣ್ಣಿಗೆ ತಾಗಿ ಉರಿಯುತ್ತಿದ್ದಿರಬೇಕು, ಆದರೂ ಕೈ ತೆಗೆಯಲಿಲ್ಲ. ರೇಚಲ್ ಎದ್ದು ಬಚ್ಚಲಿಗೆ ಹೋದಳು. ಆ ಸದ್ದು ಊಟದ ಕೋಣೆಗೆ ಕೇಳಿಸುತ್ತಿತ್ತು. ಲಿಲ್ಲಿಗೆ ಮೊದಲು ಯಾರ ಹತ್ತಿರ ಹೋಗಬೇಕೆಂದು ತಿಳಿಯದೆ, ನಡುವೆ ನಿಂತು, ಬಟ್ಟಲುಗಳನ್ನು ಒಂದರ ಮೇಲೊಂದು ಇಟ್ಟಳು.

ಮರುದಿನದಿಂದ ಯೂಸ್ಟೇಸ್ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಮೊಯ್ದೀನಬ್ಬ ಎರಡು ದಿನ ಹಾರ್ನು ಹೊಡೆದು ಕಾದ. ಮೂರನೆಯ ದಿನ ಲಿಲ್ಲಿಯೇ ಗೇಟಿಗೆ ಹೋಗಿ, "ಇನ್ನು ನಮಗೆ ನಿಲ್ಲಿಸುವುದು ಬೇಡ ಮೊಯ್ದೀನಬ್ಬ," ಎಂದಳು. "ಎಂತ ಬಾಯಮ್ಮ, ನನ್ನ ಮೀನು ಹಾಳಿತ್ತಾ?" ಎಂದು ಅವನು ಕೇಳಿದ. "ಮೀನಿಗೆಂತ, ಒಳ್ಳೆಯದೇ ಇತ್ತು," ಎಂದಳು. ಅವನಿಗೂ ರೂಬನ್‌ನನ್ನು ಚಿಕ್ಕಂದಿನಿಂದ ಗೊತ್ತು. ಅವಳ ಮುಖ ನೋಡಿದವನು ಸ್ಕೂಟರ್ ತಿರುಗಿಸಿದ.

ಈಗ ಮೂವರಿಗೂ ಒಂದೇ ಅಡುಗೆ. ಯೂಸ್ಟೇಸ್ ಏನು ಇಟ್ಟರೂ ತಿನ್ನುತ್ತಿದ್ದರು, ಆದರೆ ಅರ್ಧಕ್ಕೇ ಕೈ ತೊಳೆಯುತ್ತಿದ್ದರು. ಮಧ್ಯಾಹ್ನದ ಮೇಲೆ ಲಿಲ್ಲಿಯ ಪಕ್ಕ ಕೂತು ಹರಿವೆ ಬಿಡಿಸುವರು. ಎಳೆ ಎಲೆ ಯಾವುದು, ಬಲಿತದ್ದು ಯಾವುದು ಅವರಿಗೆ ತಿಳಿಯದೆ ಎಲ್ಲವನ್ನೂ ಒಂದೇ ರಾಶಿಗೆ ಹಾಕುವರು. ಅವರು ಎದ್ದ ಮೇಲೆ ಲಿಲ್ಲಿ ಮತ್ತೊಮ್ಮೆ ಆರಿಸುವಳು. ಲುಂಗಿಯ ಗಂಟು ಸಡಿಲಾಗಿ ಪದೇ ಪದೇ ಬಿಗಿದುಕೊಳ್ಳುವುದನ್ನು ನೋಡಿ ನಿರೀಕ್ಷಾಳ ಹತ್ತಿರ ಹೋಗಿ ಅವರಿಗೂ ಒಂದು ಹಾಳೆ ಬರೆಸಿ ತಂದಳು. "ಇವರಿಗೆ ಹಸಿವು ಬರುವ ಹಾಗೆ ಎಂತಾದರೂ ಉಂಟಾ?" ಎಂದು ಕೇಳಿದ್ದಕ್ಕೆ ನಿರೀಕ್ಷಾ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಶುಂಠಿ ಎಂದು ಬರೆದಳು.

ಜೂನ್ ತಿಂಗಳ ಒಂದು ಬೆಳಗ್ಗೆ ಯೂಸ್ಟೇಸ್ ಕೊಡೆ ಹಿಡಿದುಕೊಂಡು ಇಗರ್ಜಿಗೆ ಹೊರಟರು. ಲಿಲ್ಲಿಯೂ ಹಿಂದೆ ಹೋದಳು. ಆಫೀಸಿನಲ್ಲಿ ಫಾದರ್ ಪೂಜೆಯ ಪುಸ್ತಕ ತೆರೆದು, "ಯಾರ ಹೆಸರಿನಲ್ಲಿ, ಎಂತ ಉದ್ದೇಶಕ್ಕೆ?" ಎಂದು ಕೇಳಿದರು.

"ರೂಬನ್ ಹೆಸರಿನಲ್ಲಿ. ತೀರಿಹೋದವರ ಪೂಜೆ," ಎಂದರು ಯೂಸ್ಟೇಸ್.

ಫಾದರ್ ಪೆನ್ನು ಎತ್ತಿದವರು ಹಾಗೇ ನಿಂತರು. "ಯೂಸ್ಟೇಸ್‌ಬಾಬ್, ಕಾಗದ ಇನ್ನೂ ಆಗಲಿಲ್ಲ ಅಲ್ವಾ..."

"ಕಾಗದ ಸರಕಾರಕ್ಕೆ ಬೇಕು ಫಾದರ್. ನಮಗೆ ಗೊತ್ತಾಗಿದೆ."

ಆದಿತ್ಯವಾರ ಮೊದಲ ಪೂಜೆಗೆ ಮೂವರೂ ಹೋಗಿ ನಡುವಿನ ಬೆಂಚಿನಲ್ಲಿ ಕೂತರು. ಹೊರಗೆ ಮಳೆ ಜಡಿಯುತ್ತಿತ್ತು. ಶವಪೆಟ್ಟಿಗೆ ಇರಲಿಲ್ಲ, ಗೋರಿ ಇರಲಿಲ್ಲ. ತೀರಿಹೋದ ನಾಲ್ಕು ಜನರ ಹೆಸರು ಓದುವಾಗ ಮೂರನೆಯದಾಗಿ ಅವನ ಹೆಸರು ಬಂತು, ದಾಟಿ ಹೋಯಿತು. ಯೂಸ್ಟೇಸ್ ತಲೆ ತಗ್ಗಿಸಿದರು. ರೇಚಲ್ ಅಳಲಿಲ್ಲ. ಲಿಲ್ಲಿಯ ಕೈಯನ್ನು ಹುಡುಕಿ ಹಿಡಿದುಕೊಂಡಳು.

ಸೊಸೆಯ ಆ ಕೈಯಲ್ಲಿ ಈಗ ಬಿಸಿ ಇತ್ತು. ಗಿಣ್ಣುಗಳ ಮೇಲೆ ಮಾಂಸ ತುಂಬಿತ್ತು, ಉಗುರುಗಳು ಕೆಂಪಾಗಿದ್ದವು. ಹಿಂದಿನ ವಾರದ ರಿಪೋರ್ಟಿನಲ್ಲಿ ಹನ್ನೆರಡು ಇತ್ತು. ಲಿಲ್ಲಿ ಅದನ್ನು ಯಾರಿಗೂ ಓದಿ ಹೇಳದೆ ಕಪಾಟಿನಲ್ಲಿ ಇಟ್ಟಿದ್ದಳು. ರೇಚಲ್ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಲಿಲ್ಲಿಯ ಬೆರಳುಗಳು ನೋಯತೊಡಗಿದವು. ಪೂಜೆ ಮುಗಿದು ಜನ ಕೊಡೆ ಬಿಡಿಸಿಕೊಂಡು ಹೊರಗೆ ಹೋದರು. ರೇಚಲ್ ಕೈ ಬಿಡಲಿಲ್ಲ. ಲಿಲ್ಲಿಯೂ ಬಿಡಿಸಿಕೊಳ್ಳಲಿಲ್ಲ.